ತಾಳಿಕೋಟೆ ರಸ್ತೆಯಲ್ಲಿ ನಿಂತ ಹಾಯಿದೋಣಿ

ಹಾಯಿದೋಣಿಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸುವುದು ನನ್ನ ಕೆಲಸ. ಬಸವನ ಬಾಗೇವಾಡಿಯ ಹೆಣ್ಣುಮಗಳು ಇದನ್ನೆಲ್ಲಿ ಕಲಿತಳು ಎಂದು ಕೇಳುವವರಿಗೆ ಹೇಳಿ ಹೇಳಿ ಸಾಕಾಗಿದೆ. ನಡುಸಮುದ್ರದಲ್ಲಿ ಎಂಜಿನ್ ಕೈಕೊಟ್ಟಾಗಲೂ ನಾನು ಹೆದರಿದವಳಲ್ಲ. ಹೋದ ವರ್ಷ ನನ್ನ ಬೆವರಿಳಿಸಿದ್ದು ಒಂದು ಡಾಂಬರು ರಸ್ತೆ.

ದೋಣಿ ಟ್ರೇಲರ್ ಮೇಲೆ ಕೂತು ಗೋವಾದಿಂದ ಹೈದರಾಬಾದಿನ ಕೆರೆಗೆ ಹೊರಟಿತ್ತು. ವರ್ಷವಿಡೀ ಅದರಲ್ಲೇ ಕಲಿತ ನಾಲ್ವರು ಹುಡುಗಿಯರು ಅಲ್ಲಿ ಹಾಯಿದೋಣಿ ಪಂದ್ಯಕ್ಕೆ ಕಾಯುತ್ತಿದ್ದರು. ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ದೋಣಿ ತಪಾಸಣೆಗೆ ಬಾರದಿದ್ದರೆ ಅವರಿಗೆ ಪಂದ್ಯವೇ ಇಲ್ಲ.

ಮುದ್ದೇಬಿಹಾಳ ದಾಟಿ ತಾಳಿಕೋಟೆಯ ಕಡೆ ಅರ್ಧ ದಾರಿ ಬಂದಿದ್ದೆವು, ಟ್ರೇಲರಿನ ಎಡಗಾಲಿಯಿಂದ ಹೊಗೆ ಎದ್ದಿತು. ಬೇರಿಂಗ್ ಸುಟ್ಟಿತ್ತು. ನಾನು ಪಾನಾ ಹುಡುಕುವಷ್ಟರಲ್ಲಿ ದೇವಣಗಾಂವದ ನಮ್ಮ ಡ್ರೈವರ್ ಒಂದು ಕ್ಯಾನ್ ನೀರನ್ನು ಗಾಲಿಯ ನಡುವಿಗೆ ಸುರಿದುಬಿಟ್ಟ. ಅವನದು ಬಂಡಿ ಇರುವ ಮನೆ. ಕಾಸಿದ ಕಬ್ಬಿಣದ ಹಳಿಯನ್ನು ಮರದ ಗಾಲಿಗೆ ತೊಡಿಸಿ ನೀರು ಹುಯ್ದರೆ ಹಳಿ ಕುಗ್ಗಿ ಬಿಗಿಯಾಗುತ್ತದೆ. ಆ ರೂಢಿ ಕೈಯಲ್ಲಿ ಕೂತಿತ್ತು. ಇಲ್ಲಿಯೂ ಅದೇ ಆಯಿತು. ಬೇರಿಂಗಿನ ಒಳಬಳೆ ಅಚ್ಚನ್ನು ಕಚ್ಚಿಕೊಂಡಿತು.

"ನಿಮಗ ಯಾರು ನೀರ ಹಾಕಂದ್ರು?" ಎಂದು ಕೂಗಾಡಿದೆ.

"ಉರಿ ಹತ್ತಿದ್ರ ದೋಣಿನ ಸುಡ್ತಿತ್ತಲ್ರಿ ಅಕ್ಕಾರ."

ಹೊಸ ಬೇರಿಂಗ್ ನನ್ನ ಚೀಲದಲ್ಲೇ ಇತ್ತು, ಆದರೆ ಹಳೆಯ ಬಳೆ ಕಳಚದೆ ಅದನ್ನು ಹಾಕುವುದೆಲ್ಲಿ? ಗಾಲಿ ಕಳಚಿಟ್ಟು ಎರಡು ತಾಸು ಉಳಿ, ಸುತ್ತಿಗೆ ಹಿಡಿದು ಬಡಿದೆ. ಅಂಗೈ ಬೊಬ್ಬೆ ಎದ್ದಿತು, ಬಳೆ ಜಪ್ಪಯ್ಯ ಅನ್ನಲಿಲ್ಲ. ಬೈಕಿನಲ್ಲಿ ಹೊರಟವರೊಬ್ಬರು ನಿಂತು, "ಹೊಳಿ ಬಿಟ್ಟು ಹಡಗ ಇಲ್ಲ್ಯಾಕ ಬಂತರಿ?" ಎಂದರು. "ನಾನೂ ಅದನ್ನ ಕೇಳಾಕತ್ತೇನ್ರಿ," ಎಂದು ಮತ್ತೆ ಬಡಿದೆ. ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಡ್ರೈವರ್ ಅದೇ ಬೈಕ್ ಹತ್ತಿ ಹೋಗಿ ಒಬ್ಬ ಹಿರಿಯರನ್ನು ಕರೆತಂದ. ಹಿಂದೆ ಬಂಡಿ ಕಟ್ಟುತ್ತಿದ್ದವರು, ಈಗ ವೆಲ್ಡಿಂಗ್ ಅಂಗಡಿ. ಗ್ಯಾಸ್ ಸಿಲಿಂಡರನ್ನೂ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು.

"ಹಳಿ ಬಿಚ್ಚೂದು ಹೆಂಗ ಯವ್ವಾ? ಕಾಸಬೇಕು. ಬಳಿ ಹಿಗ್ಗತೈತಿ, ತಾನ ಬರ್ತೈತಿ."

"ಆಗಂಗಿಲ್ರಿ," ಎಂದೆ. ಅಚ್ಚಿನ ಮೇಲೆ ಎರಡು ಮೊಳ ಎತ್ತರದಲ್ಲಿ ದೋಣಿಯ ತಳ. ಫೈಬರಿಗೆ ಕಿಡಿ ತಾಗಿದರೆ ಪಂದ್ಯವೂ ಇಲ್ಲ, ದೋಣಿಯೂ ಇಲ್ಲ. ನನಗೆ ನಿಜವಾಗಿ ಭಯವಾಯಿತು. ಆದರೆ ಗಂಟೆ ನಾಲ್ಕಾಗಿತ್ತು, ಬೇರೆ ದಾರಿ ಇರಲಿಲ್ಲ. ಹಸಿ ಗೋಣಿಚೀಲಗಳನ್ನು ದೋಣಿಯ ತಳಕ್ಕೆ ಕಟ್ಟಿದೆವು. ಅಚ್ಚು ತಣ್ಣಗಿರಲೆಂದು ಒದ್ದೆ ಬಟ್ಟೆ ಸುತ್ತಿ, ನೀರಿನ ಕ್ಯಾನ್ ಹಿಡಿದು ನಾನೇ ಕೆಳಗೆ ಮಲಗಿದೆ.

"ಹತ್ತಸ್ರಿ."

ಬಳೆ ಕೆಂಪಗಾಯಿತು. ಗೋಣಿಯಿಂದ ಉಗಿ ಎದ್ದು ಮುಖಕ್ಕೆ ಬಡಿಯಿತು. ಹಿರಿಯರು ಉಳಿಯಿಟ್ಟು ಒಂದೇ ಏಟು ಹಾಕಿದರು. ಬಳೆ ಜಾರಿ ಮಣ್ಣಿಗೆ ಬಿತ್ತು. ನಾನು ಮಲಗಿದಲ್ಲೇ ಕೇಕೆ ಹಾಕಿದೆ.

ಹೊಸ ಬೇರಿಂಗಿಗೆ ಗ್ರೀಸ್ ತುಂಬುತ್ತ ಅವರು ಕೇಳಿದರು: "ದಾರ್ಯಾಗ ನಿಂತಾಗ ಗಾಲಿ ಮುಟ್ಟಿ ನೋಡಿದ್ರೇನು?"

ನಿಂತಲ್ಲೆಲ್ಲ ಗಾಲಿಯ ನಡುವಿಗೆ ಅಂಗೈಯಿಟ್ಟು ಬಿಸಿ ನೋಡಬೇಕು. ಅದು ನನ್ನ ಕೆಲಸ. ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ನಾನು ಗಾಲಿಯ ಕಡೆ ಹೋಗಲೇ ಇಲ್ಲ. ನೆರೆದವರಿಗೆ ನನ್ನ ಸಮುದ್ರದ ಸಾಹಸ ಹೇಳುತ್ತ ಕೂತಿದ್ದೆ. ಡ್ರೈವರಿಗೆ ಅದು ಗೊತ್ತಿತ್ತು. ನಾನು ಮಧ್ಯಾಹ್ನವಿಡೀ ಬೈದಾಗಲೂ ಅವನು ಆ ಮಾತೆತ್ತಿರಲಿಲ್ಲ, ಈಗಲೂ ಎತ್ತಲಿಲ್ಲ. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ರಾತ್ರಿಯಿಡೀ ಮೆಲ್ಲಗೆ, ನಿಂತಲ್ಲೆಲ್ಲ ಗಾಲಿ ಮುಟ್ಟಿ ನೋಡುತ್ತ ಸಾಗಿ, ಮರುದಿನ ಒಂಬತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ ಕೆರೆ ಮುಟ್ಟಿದೆವು. ಹುಡುಗಿಯರು ಓಡಿಬಂದು ದೋಣಿಯನ್ನು ತಬ್ಬಿಕೊಂಡರು. ಅವರ ತರಬೇತುದಾರರು ಸುಟ್ಟ ಗಾಲಿ ನೋಡಿ, ಯಾರ ತಪ್ಪು ಎಂದು ಸಿಟ್ಟಿನಿಂದ ಕೇಳಿದರು. ಡ್ರೈವರ್ ತಲೆ ತಗ್ಗಿಸಿ, "ನಂದ್ರೀ, ನಾ ನೀರ..." ಎಂದು ಶುರುಮಾಡಿದ.

ನಾನು ಅವನ ಮುಂದೆ ಹೋಗಿ ನಿಂತೆ. "ಅಲ್ರಿ," ಎಂದೆ, "ಗಾಲಿ ಸುಟ್ಟಾಕಿ ನಾನು. ಇವರು ದೋಣಿ ಉಳಿಸ್ಯಾರ."