ರಾಜಪಾರ್ಟಿನ ಕೋಟು

ನಾನು ಯಲಹಂಕದ ಒಂದು ಸಣ್ಣ ವಸ್ತ್ರ ಸಂಗ್ರಹಾಲಯದಲ್ಲಿ ಕನ್ಸರ್ವೇಟರ್ ಆಗಿದ್ದೆ. ಹಳೆಯ ಉಡುಪುಗಳು ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು, ಅವುಗಳ ಚರಿತ್ರೆಯನ್ನು ಹುಡುಕಿ ಬರೆದಿಡುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷವಿದ್ದಾಗ ನನ್ನ ಮೇಜಿಗೆ ಬಂದ ಒಂದು ನಾಟಕದ ಕೋಟು ಇಂದಿಗೂ ನೆನಪಾಗುತ್ತದೆ. ಅದಕ್ಕಿಂತ ಹಳೆಯ, ಬೆಲೆಬಾಳುವ ಬಟ್ಟೆಗಳನ್ನು ಎಷ್ಟೋ ನೋಡಿದ್ದೇನೆ. ಆದರೆ ಮೂರು ದಿನ ನನ್ನ ನಿದ್ದೆ ಕೆಡಿಸಿದ್ದು ಅದೊಂದೇ.

ಕೋಟು ತಂದವರು ಮಾಕಳಿಯ ಮುನಿರಾಜು. ನಲವತ್ತೈದರ ಆಸುಪಾಸು. ಹಿರಿಯರ ಹೊಲ ಇದ್ದ ಕಡೆ ಈಗ ಅವರು ಕಟ್ಟಡ ಕಟ್ಟಿಸುತ್ತಿದ್ದರು. ಅವರ ತಾತ ಹನುಮಂತೇಗೌಡರು ಪೌರಾಣಿಕ ನಾಟಕಗಳಲ್ಲಿ ರಾಜಪಾರ್ಟು ಮಾಡುತ್ತಿದ್ದವರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಕೋಟನ್ನು ಮುನಿರಾಜು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದ ರೀತಿ ನನಗೆ ಹಿಡಿಸಿತು.

"ತಾತ ಮೈಕಿಲ್ದೆ ಹಾಡ್ತಿದ್ರಂತೆ ಮೇಡಂ. ರೈಲ್ವೆ ಗೇಟ್ ತನ್ಕ ಕೇಳ್ಸೋದಂತೆ. ನಾನ್ ನೋಡಿಲ್ಲ, ನಾನ್ ಹುಟ್ಟೋಕ್ ಮುಂಚೆನೇ ಬಿಟ್ಬಿಟ್ಟಿದ್ರು" ಎಂದರು. ಜೊತೆಗೆ ತಂದಿದ್ದ ಫೋಟೋ ತೋರಿಸಿದರು. ಅದೇ ಕೋಟು ತೊಟ್ಟು, ಗದೆ ಹಿಡಿದು, ಸ್ಟುಡಿಯೋದ ಪರದೆಯ ಮುಂದೆ ನಿಂತ ಭಾರೀ ಆಳು.

ಸಂಗ್ರಹಾಲಯದಲ್ಲಿ ರಂಗಭೂಮಿ ಉಡುಪುಗಳಿಗೊಂದು ಕೋಣೆ ಸಿದ್ಧವಾಗುತ್ತಿತ್ತು. ನಡುವಿನ ಗಾಜಿನ ಪೆಟ್ಟಿಗೆ ಈ ಕೋಟಿಗೆಂದು ನಮ್ಮ ನಿರ್ದೇಶಕರು ಅಂದೇ ತೀರ್ಮಾನಿಸಿದರು. ಹನುಮಂತೇಗೌಡರ ಹೆಸರಿನ ಫಲಕವೂ ಅಚ್ಚಾಗಿ ಬಂತು.

ಕೋಟು ಕಡುಗೆಂಪು ಮಖಮಲ್ಲಿನದು. ಎದೆಗೆ, ತೋಳಿಗೆ ಎರಡು ಬೆರಳಗಲದ ಜರಿ ಲೇಸು, ಭುಜಕ್ಕೆ ಗೊಂಡೆ, ಕತ್ತಿನ ಸುತ್ತ ಚಮಕಿ. ಮೊದಲ ವಾರವೆಲ್ಲ ದೂಳು ತೆಗೆಯುವುದೇ ಕೆಲಸ. ಬಟ್ಟೆಯ ಮೇಲೆ ತೆಳುವಾದ ಬಲೆ ಹಾಸಿ, ಕಡಿಮೆ ಎಳೆತದ ವ್ಯಾಕ್ಯೂಮ್ ಹಿಡಿದು, ಅಂಗುಲ ಅಂಗುಲವಾಗಿ ಸಾಗಬೇಕು. ಪಕ್ಕದ ವಾಯುನೆಲೆಯ ವಿಮಾನಗಳು ತಲೆಯ ಮೇಲೆ ಹಾದಾಗ ಕಿಟಕಿಯ ಗಾಜು ನಡುಗುತ್ತಿತ್ತು. ನಾನು ಕೈ ಎತ್ತಿ ಕಾಯುತ್ತಿದ್ದೆ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಿದ್ದೆ. ಆ ಬಿಡುವುಗಳೂ ಈಗ ನೆನಪಿಗೆ ಬರುತ್ತವೆ.

ಎರಡನೆಯ ವಾರ ಕೋಟನ್ನು ಒಳಹೊರಗು ಮಾಡಿದೆ. ಎರಡೂ ಪಕ್ಕದ ಹೊಲಿಗೆಗಳಲ್ಲಿ ಸೂಜಿ ತೂತಿನ ಇನ್ನೊಂದು ಸಾಲು ಕಂಡಿತು. ಅಳೆದು ನೋಡಿದೆ. ಮೊದಲು ನಲವತ್ನಾಲ್ಕು ಇಂಚಿನ ಎದೆಗೆ ಹೊಲಿದ ಕೋಟನ್ನು ಯಾರೋ ಮೂವತ್ತೆಂಟಕ್ಕೆ ಹಿಡಿಸಿದ್ದರು. ಬಹಳ ಕಾಲದ ನಂತರ ಮತ್ತೆ ನಲವತ್ನಾಲ್ಕಕ್ಕೆ ಬಿಚ್ಚಿದ್ದರು.

ಮನುಷ್ಯ ತೆಳ್ಳಗಾಗಿ ಮತ್ತೆ ದಪ್ಪಗಾಗಿರಬಹುದು ಎಂದುಕೊಂಡೆ. ಆದರೆ ಆಗ ತೋಳುಗಳನ್ನೂ ಎರಡಿಂಚು ಗಿಡ್ಡ ಮಾಡಿ, ಆಮೇಲೆ ಬಿಚ್ಚಿದ್ದರು. ದೇಹ ಸೊರಗಿದರೆ ಕೈಯೇನೂ ಗಿಡ್ಡವಾಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಬೆವರಿನ ಕಲೆ ಮತ್ತು ಜರಿಯ ಸವೆತದ ಬಹುಪಾಲು ಆ ಚಿಕ್ಕ ಅಳತೆಯ ಅಂಚುಗಳಲ್ಲಿತ್ತು. ಕೊನೆಯ ಸಲ ಬಿಚ್ಚಿ ಹೊಲಿದ ಮೇಲೆ ಕೋಟನ್ನು ಒಂದೆರಡು ಸಲಕ್ಕಿಂತ ಹೆಚ್ಚು ತೊಟ್ಟ ಗುರುತಿರಲಿಲ್ಲ. ರಂಗದ ಮೇಲೆ ಈ ಕೋಟಿನಲ್ಲಿ ವರ್ಷಗಟ್ಟಲೆ ಬೆವರಿದವನು ಬೇರೆ ಯಾರೋ ಇದ್ದ.

ಕಾಲರಿನ ಒಳಪಟ್ಟಿಯಲ್ಲಿ ಪೆನ್ಸಿಲಿನ ಬರಹ ಮಾಸಿ ಉಳಿದಿತ್ತು: "ಪುಟ್ಟರಾಮಣ್ಣ, ಕೊಡಿಗೇಹಳ್ಳಿ."

ಇಲ್ಲಿ ನಾನು ತಡವರಿಸಿದ್ದು ನಿಜ. ವರದಿಯಲ್ಲಿ ಎರಡು ಸಾಲು ಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ನಿರ್ದೇಶಕರೂ, "ಆ ಮನುಷ್ಯನಿಗೆ ತಾತ ಅಂದ್ರೆ ದೇವ್ರು ಕಣ್ರೀ. ಹುಷಾರಾಗಿ ಹೇಳಿ" ಎಂದಷ್ಟೇ ಅಂದರು. ಹೇಳಬೇಡಿ ಎನ್ನಲಿಲ್ಲ. ಮೂರು ದಿನ ಬಿಟ್ಟು ಮುನಿರಾಜು ಅವರನ್ನು ಕರೆಸಿ ತೂತಿನ ಸಾಲುಗಳನ್ನು ತೋರಿಸಿ, ಇದನ್ನು ಬೇರೆ ಯಾರೋ ತೊಟ್ಟಿರಬೇಕು ಎಂದೆ.

ಅವರ ಮುಖ ಬಿಗಿದುಕೊಂಡಿತು. "ನಮ್ ತಾತನ್ ಕೋಟು ಇದು. ಬೇರೆಯೋರ್ ಯಾಕ್ ಹಾಕ್ಕೋತಾರೆ? ನಿಮ್ಗೆ ನಂಬ್ಕೆ ಇಲ್ಲ ಅಂದ್ರೆ ವಾಪಸ್ ಕೊಡಿ, ತಗೊಂಡ್ ಹೋಗ್ತೀನಿ."

"ಕೋಟು ನಿಮ್ದು, ಯಾವಾಗ ಬೇಕಾದ್ರೂ ತಗೊಂಡ್ ಹೋಗ್ಬಹುದು. ಈ ಹೆಸರಿನೋರು ಯಾರು ಅಂತ ಮಾತ್ರ ಹೇಳಿ" ಎಂದು ಕಾಲರು ತೋರಿಸಿದೆ.

ಅವರು ಬಹಳ ಹೊತ್ತು ಬಗ್ಗಿ ನೋಡಿದರು. "ಟೈಲರ್ ಪುಟ್ಟರಾಮಣ್ಣ. ನಾಟಕದ್ ಡ್ರೆಸ್ಸೆಲ್ಲ ಅವ್ರೇ ಹೊಲೀತಿದ್ರು. ಈಗಿಲ್ಲ. ಮಗಳಿದಾರೆ."

ಮಗಳು ಸರೋಜಮ್ಮ ಕೊಡಿಗೇಹಳ್ಳಿಯ ಹಳೆಯ ಬೀದಿಯಲ್ಲಿ ಸೀರೆಗೆ ಫಾಲ್ಸ್ ಹಚ್ಚುವ ಅಂಗಡಿ ಇಟ್ಟಿದ್ದರು. ಎಪ್ಪತ್ತು ದಾಟಿತ್ತು. ಮರುದಿನ ಮುನಿರಾಜು ತಾವೇ ಅವರನ್ನು ಕಾರಿನಲ್ಲಿ ಕರೆತಂದರು. ಸರೋಜಮ್ಮ ಮೇಜಿನ ಮುಂದೆ ನಿಂತು, ಮುಟ್ಟದೆ, ಲೇಸಿನ ಮೇಲೆ ಗಾಳಿಯಲ್ಲೇ ಬೆರಳಾಡಿಸಿದರು.

"ಈ ಲೇಸ್ ಹಚ್ಚೋವಾಗ ದಾರಕ್ಕೆ ಮೇಣ ಉಜ್ಜಿ ಕೊಟ್ಟೋಳು ನಾನೇ" ಎಂದರು. ಆಮೇಲೆ ಮುನಿರಾಜು ಕಡೆ ತಿರುಗಿದರು. "ನಿಮ್ ತಾತಂಗೆ ಒಂದ್ಸಲ ಗಂಟಲು ಕೆಟ್ಟೋಯ್ತು ಕಣಪ್ಪಾ. ನಾಟಕದ್ ದಿನ ಸಾಯಂಕಾಲ ಸ್ವರಾನೇ ಬರ್ಲಿಲ್ಲ. ಜನ ಬಂದ್ ಕೂತವ್ರೆ. ನಮ್ಮಪ್ಪ ಪರದೆ ಹಿಂದೆ ನಿಂತು ಮಾತು ಹೇಳ್ಕೊಡ್ತಿದ್ದೋರು, ಪಾರ್ಟೆಲ್ಲ ಬಾಯಿಪಾಠ. ನಿಮ್ ತಾತಾನೇ ಈ ಕೋಟು ಬಿಚ್ಚಿ ಅಪ್ಪನ ಮೈಮೇಲೆ ಹಾಕಿದ್ರು. ಪಿನ್ನು ಚುಚ್ಕೊಂಡೇ ಆಡಿದ್ರು ಆವತ್ತು."

ಹನುಮಂತೇಗೌಡರ ಹಾಡುವ ಸ್ವರ ಮರಳಲಿಲ್ಲ. ಮರುವರ್ಷ ಅವರೇ ಪುಟ್ಟರಾಮಣ್ಣನಿಗೆ ಕೋಟನ್ನು ತನ್ನ ಅಳತೆಗೆ ಹಿಡಿಸಿಕೊಳ್ಳಲು ಹೇಳಿದರಂತೆ. ಹತ್ತು ಹನ್ನೊಂದು ವರ್ಷ ಪುಟ್ಟರಾಮಣ್ಣ ರಾಜಪಾರ್ಟು ಮಾಡಿದರು. ಗೌಡರು ಹಾರ್ಮೋನಿಯಂ ಪಕ್ಕ ಕೂತು ಪ್ರತಿ ಮಾತಿಗೂ ತುಟಿ ಅಲ್ಲಾಡಿಸುತ್ತಿದ್ದರು. ಊರಿನ ಹಳಬರಿಗೆಲ್ಲ ಇದು ಗೊತ್ತಿತ್ತು. ಅವರೆಲ್ಲ ಹೋದ ಮೇಲೆ ಗೌಡರ ಮನೆಯ ಗೋಡೆಯ ಮೇಲೆ ಆ ಫೋಟೋ ಒಂದೇ ಉಳಿಯಿತು.

"ಫೋಟೋ ತಾತಂದೇ ಅಲ್ವಾ?" ಮುನಿರಾಜು ಕೇಳಿದರು.

"ಅವ್ರುದೇ. ಕೊನೆಗೆ ಒಂದ್ಸಲ ಹಾಕ್ಕೋಬೇಕು ಅಂತ ಅಂಗಡಿಗೆ ಬಂದ್ರು. ಅಪ್ಪ ಕೋಟು ಬಿಚ್ಚಿ ಹೊಲಿದು, ತಾನೇ ಸ್ಟುಡಿಯೋಗೆ ಹೋಗಿ ನಡುಪಟ್ಟಿ ಕಟ್ಟಿ ಬಂದ್ರು."

ಮುನಿರಾಜು ಕುರ್ಚಿ ಎಳೆದುಕೊಂಡು ಕೂತರು. "ತಾತ ಹಾಡಿದ್ದು ನೀವ್ ಕೇಳಿದೀರಾ?" ಎಂದರು.

"ಕೇಳಿದೀನಿ. ನಮ್ಮಪ್ಪ ಅಷ್ಟು ಚೆನ್ನಾಗಿ ಹಾಡ್ತಿರ್ಲಿಲ್ಲ. ಅವ್ರೇ ಹೇಳೋರು, ನಂದು ಬರೀ ಮಾತು, ಹಾಡು ಗೌಡರ ಜೊತೆ ಹೋಯ್ತು ಅಂತ."

ಮುನಿರಾಜು ಕನ್ನಡಕ ತೆಗೆದು ಒರೆಸಿಕೊಂಡರು. ಅಜ್ಜನ ಹಾಡನ್ನು ಕಿವಿಯಾರೆ ಕೇಳಿದವರು ಈಗ ಯಾರೂ ಉಳಿದಿಲ್ಲ ಎಂದೇ ಅವರು ತಿಳಿದಿದ್ದರು.

ಫಲಕವನ್ನು ಹೊಸದಾಗಿ ಅಚ್ಚು ಹಾಕಿಸಿದೆವು. ಪುಟ್ಟರಾಮಣ್ಣನವರ ಹೆಸರು ಮೇಲಿರಲಿ, ಹೆಚ್ಚು ವರ್ಷ ತೊಟ್ಟವರು ಅವರೇ ಎಂದು ಮುನಿರಾಜು ಹೇಳಿದಾಗ ಸರೋಜಮ್ಮ ಒಪ್ಪಲಿಲ್ಲ. "ಮೊದ್ಲು ಹಾಕ್ಕೊಂಡೋರ ಹೆಸ್ರು ಮೊದ್ಲು" ಎಂದರು. ಹಾಗೇ ಆಯಿತು. ಬದಲಾದ ಹೊಲಿಗೆ ಹೊರಗೆ ಕಾಣುವಂತೆ ಕೋಟಿನ ಒಂದು ಪಕ್ಕವನ್ನು ಕೊಂಚ ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಪ್ರದರ್ಶನ ತೆರೆದ ದಿನ ಇಬ್ಬರೂ ಅದರ ಮುಂದೆ ತುಂಬಾ ಹೊತ್ತು ಮಾತಾಡುತ್ತ ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ.

ಈಗ ಆರ್.ಟಿ. ನಗರದ ಮನೆಯಲ್ಲಿದ್ದೇನೆ. ಆಗೀಗ ಯಾರಾದರೂ ಟ್ರಂಕಿನಿಂದ ತೆಗೆದ ಹಳೆಯ ಉಡುಪನ್ನು ತಂದು ತೋರಿಸುತ್ತಾರೆ. ಮೂವತ್ತು ವರ್ಷ ನಾನು ಅಂಥವರಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ, "ಇದು ಯಾರದು?" ಕೆಲಸದ ಕೊನೆಯ ಎರಡು ವರ್ಷಗಳಲ್ಲಿ ಅದನ್ನು ಬದಲಾಯಿಸಿಕೊಂಡೆ. ಈಗ, "ಇದನ್ನು ಯಾರ್ಯಾರು ಹಾಕಿಕೊಂಡಿದ್ದರು?" ಎಂದು ಕೇಳುತ್ತೇನೆ. ತಂದವರು ಬಟ್ಟೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿ, ಹೇಳತೊಡಗುತ್ತಾರೆ.