ಓನರ್ ಅಂಕಲ್ ಮತ್ತು ತುಂಬಿದ ವಿಮಾನ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಹರೆಯದಲ್ಲಿ ರಾಗಿ ಕೊಯ್ಯುವಾಗ ಕುಡುಗೋಲು ತಗುಲಿದ ಗುರುತು. ಆ ಬೆರಳಿನಿಂದಲೇ ಅವರು ಕಂಪ್ಯೂಟರ್ ಮುಂದೆ ಕೂತು ವಿಮಾನದ ಎಂಜಿನ್ ಲಿವರನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರು. ಅರೆಕೆರೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಅವರು. ಹಿಂದೆ ಅವರ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಬಿಲ್ಡಿಂಗು. ಕೆಳಗಿನ ಅಂಗಡಿ ಕೋಣೆಯನ್ನು ಬೇಕರಿಗೆ ಕೊಡಿ ಎಂದು ಎಷ್ಟು ಜನ ಬಂದರೂ ಕೊಡದೆ, ಅಲ್ಲಿ ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಇಟ್ಟುಕೊಂಡಿದ್ದರು.

ಅಂಕಲ್‌ಗೆ ಮೂಗಿನ ತುದಿಯಲ್ಲೇ ಕೋಪ. ಟ್ಯಾಂಕ್ ತುಂಬಿ ನೀರು ಹರಿದರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು. ಅದಕ್ಕಿಂತ ಹೆಚ್ಚು ಬೈಗುಳ ತಿಂದದ್ದು ಸಿಮ್ಯುಲೇಟರಿನ ವಿಮಾನ. ಸೀಟೆಲ್ಲ ಭರ್ತಿ, ಟ್ಯಾಂಕ್ ತುಂಬ ಇಂಧನ ಎಂದು ಕಂಪ್ಯೂಟರಿಗೆ ಹೇಳಿದ್ದರೂ ಅದು ಖಾಲಿ ವಿಮಾನದ ಹಾಗೆ ಚಂಗನೆ ಹಾರಿಬಿಡುತ್ತಿತ್ತು.

"ತುಂಬಿದ ಗಾಡಿ ಎತ್ತು ಎಳೆಯೋದು ನೋಡಿದ್ದೀಯೇನಮ್ಮ? ಮೊದಲು ಕತ್ತು ಕೊಡ್ತವೆ, ಆಮೇಲೆ ಗಾಲಿ ಅಲ್ಲಾಡೋದು. ಇದಕ್ಕೆ ಭಾರ ಅಂದ್ರೇನು ಅಂತ್ಲೇ ಗೊತ್ತಿಲ್ಲ," ಅನ್ನುತ್ತಿದ್ದರು.

ಎಂಜಿನ್ನಿನ ಬಲ, ಗಾಳಿಯ ತಡೆ, ಹೀಗೆ ಆ ವಿಮಾನದ ಗುಣವೆಲ್ಲ ಒಂದು ಫೈಲಿನಲ್ಲಿ ಅಂಕಿಗಳಾಗಿ ಇರುತ್ತದೆ. ಅವನ್ನು ತಿದ್ದಿ ತಿದ್ದಿ, ನಿಜವಾದ ವಿಮಾನ ಏಳುವ ಹಾಗೆ ಇದನ್ನೂ ಏಳಿಸಬೇಕು ಎನ್ನುವುದು ಅವರ ಹಟ. ಹಟಕ್ಕೊಂದು ಗಡುವೂ ಇತ್ತು. ಅವರಿಗೆ ಗ್ಲಾಕೋಮಾ. ಇರುವ ದೃಷ್ಟಿಯೂ ಸ್ವಲ್ಪಸ್ವಲ್ಪವಾಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಣ್ಣಿರುವಾಗಲೇ ಅದು ಸರಿಯಾಗಿ ಏಳುವುದನ್ನು ಒಮ್ಮೆ ನೋಡಿಬಿಡಬೇಕು ಎಂದು ಅಂಕಲ್ ಒದ್ದಾಡುತ್ತಿದ್ದರು. ಇದು ಬಿಲ್ಡಿಂಗಿನವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾಡಿದರಲ್ಲ ಎನ್ನುವುದಕ್ಕೇ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬಾಡಿಗೆದಾರರಲ್ಲಿ ಯಾರೇ ವಿಮಾನ ಹತ್ತಲು ಹೊರಟರೂ ಅಂಕಲ್ ಗೇಟಿನ ಹತ್ತಿರ ನಿಲ್ಲಿಸಿ ಒಂದೇ ಒಂದು ಉಪಕಾರ ಕೇಳುತ್ತಿದ್ದರು. ಎಂಜಿನ್ ಜೋರಾಗಿ ಮೊರೆದು ವಿಮಾನ ಓಡಲು ಶುರು ಮಾಡಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಮೂಗು ಎದ್ದಾಗ ನಿಲ್ಲಿಸಿ. ಸೀಟು ತುಂಬಿತ್ತೋ ಇಲ್ಲವೋ ಹೇಳಿ. ಅಷ್ಟೇ. ಎಲ್ಲರೂ ಬಂದು ಒಂದೊಂದು ಅಂಕಿ ಒಪ್ಪಿಸುತ್ತಿದ್ದರು. "ಪಕ್ಕಾ ಅಂಕಲ್, ನಾನೇ ನೋಡಿದೆ," ಎಂದು ಎರಡನೇ ಮಹಡಿಯವನು ಆಣೆ ಹಾಕುವುದೊಂದು ಬಾಕಿ. ಆದರೆ ಒಬ್ಬರ ಅಂಕಿಗೂ ಇನ್ನೊಬ್ಬರದಕ್ಕೂ ತಾಳೆಯೇ ಇಲ್ಲ. ಅಂಕಲ್ ತಮ್ಮ ಫೈಲೇ ತಪ್ಪು ಎಂದುಕೊಂಡು ಎಂಜಿನ್ನಿನ ಬಲ ಇಳಿಸುವರು, ಮತ್ತೆ ಏರಿಸುವರು. ಸಂಜೆ ಆಫೀಸಿನಿಂದ ಬಂದು ಟೈಪ್ ಮಾಡಿಕೊಡುತ್ತಿದ್ದವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ನಮ್ಮ ಕೆಲಸ. ಹೀಗೇ ಒಂದು ವರ್ಷ ಹೋಯಿತು. ಅಷ್ಟರಲ್ಲಿ ಎಡಗಣ್ಣು ಪೂರ್ತಿ ಹೋಗಿ, ಬಲಗಣ್ಣಿಗೆ ಬೀಗದ ಕಿಂಡಿಯಷ್ಟು ಬೆಳಕು ಉಳಿದಿತ್ತು.

ಒಂದು ಭಾನುವಾರ ಎರಡನೇ ಮಹಡಿಯವನು ಪುಣೆಯಿಂದ ಬಂದು ಎಂದಿನಂತೆ ಅಂಕಿ ಕೊಟ್ಟು ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಸೊಪ್ಪು ಕೊಳ್ಳಲು ಇಳಿದ ಅವನ ಹೆಂಡತಿ ಓನರ್ ಆಂಟಿಯ ಹತ್ತಿರ ಗೋಳು ಹೇಳಿಕೊಂಡಳು: ಇವರಿಗೆ ಫ್ಲೈಟ್ ತಪ್ಪಿಹೋಯಿತಂತೆ, ಬಸ್ಸಿನಲ್ಲಿ ಬಂದು ಸೊಂಟ ಹಿಡಿದುಕೊಂಡಿದೆಯಂತೆ. ಪಕ್ಕದಲ್ಲೇ ಅಂಕಲ್ ಕೂತಿದ್ದರು, ನಾನೂ ಇದ್ದೆ.

ಅವರು ಎದ್ದು ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಪ್ರತಿ ಮನೆಯ ಬಾಗಿಲು ತಟ್ಟಿ, ನಿಜವಾಗಲೂ ನೋಡಿದ್ದಿರಾ ಎಂದು ಕೇಳಿದರು. ಒಬ್ಬ ನಿದ್ದೆ ಹೋಗಿದ್ದನಂತೆ, ಒಬ್ಬಳಿಗೆ ಮರೆತೇ ಹೋಗಿತ್ತಂತೆ. ಎಲ್ಲರೂ ಹಲ್ಲು ಕಿರಿದು ಹೇಳಿದ್ದು ಒಂದೇ ಮಾತು: ನಿಮಗೆ ಬೇಜಾರಾಗಬಾರದು ಅಂತ. ಬೇಜಾರಂತೆ! ಅವರ ಪಾಲಿಗೆ ಅದು ಮುದುಕನ ಆಟ. ಅಳುವ ಮಗುವಿನ ಬಾಯಿಗೆ ಪೆಪ್ಪರ್‌ಮೆಂಟ್ ತುರುಕಿದಂತೆ ಅಂಕಿ ತುರುಕಿ ಹೋಗಿದ್ದರು. ಅದಕ್ಕೆ ಮರ್ಯಾದೆ ಎಂದು ಹೆಸರು ಬೇರೆ. ನೀರಿಗೆ ಅಷ್ಟು ಕೂಗಾಡುವ ಮನುಷ್ಯ ಅವತ್ತು ದನಿಯನ್ನೇ ಏರಿಸಲಿಲ್ಲ. ಎರಡನೇ ಮಹಡಿಯವನನ್ನು ಮಾತ್ರ ಕೇಳಿದರು:

"ಗೊತ್ತಿಲ್ಲ ಅನ್ನೋಕೆ ಏನಪ್ಪ ಕಷ್ಟ ಆಗಿತ್ತು ನಿಂಗೆ?"

ಕೊನೆಗೆ ನಂಬಲು ಉಳಿದದ್ದು ನಾನೇ ಎರಡು ಸಲ ವಿಮಾನದಲ್ಲಿ ಹೋಗಿ ಬಂದಾಗ ಹಿಡಿದ ಅಳತೆ. ಅದನ್ನಿಟ್ಟುಕೊಂಡು ಮೊದಲಿನಿಂದ ಶುರು ಮಾಡಿದೆವು. ಬಲಗಣ್ಣಿನ ಆ ಕಿಂಡಿಯೂ ಮುಚ್ಚುತ್ತ ಬಂದಿದ್ದರಿಂದ ಈಗ ಓಡಿಸುವವಳೂ ನಾನೇ. ಅವರು ಪಕ್ಕದಲ್ಲಿ ಕೂತು ಎಂಜಿನ್ ಸದ್ದು ಕೇಳುತ್ತ, ಸರಿ ಹೋಯ್ತಾ ಎಂದು ಪ್ರತಿ ಸಲವೂ ಕೇಳುವರು. ಹೂಂ ಅಂದುಬಿಟ್ಟಿದ್ದರೆ ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ನಾಲಿಗೆ ತುದಿಗೆ ಬಂದದ್ದುಂಟು. ಆದರೂ, ಇಲ್ಲ ಅಂಕಲ್, ಇನ್ನೂ ಬೇಗ ಏಳ್ತಿದೆ, ಎನ್ನುತ್ತಿದ್ದೆ. "ಹಂಗೆ ಹೇಳು," ಎಂದು ಮುಂದಿನ ಅಂಕಿ ಹೇಳುತ್ತಿದ್ದರು. ಇನ್ನೊಬ್ಬರ ಮುಖ ನೋಡಿ ಮಾತು ತಿರುಚಬಾರದು ಎಂದು ನಾನು ಕಲಿತದ್ದು ಆ ಕೋಣೆಯಲ್ಲಿ. ವಿಮಾನ ಸರಿಹೋಗುವ ಮೊದಲೇ, ಒಂದು ಬೆಳಿಗ್ಗೆ ಅಂಕಲ್ ಹಾಸಿಗೆಯಿಂದ ಏಳಲಿಲ್ಲ. ಹಾರ್ಟ್ ಅಟ್ಯಾಕ್.

ತಿಥಿ ಊಟದ ದಿನ ಶಾಮಿಯಾನದ ಕೆಳಗೆ ಎರಡನೇ ಮಹಡಿಯವನು ನೆಂಟರಿಗೆ ಹೇಳುತ್ತಿದ್ದ: ಆ ವಿಮಾನದ ವಿಷಯದಲ್ಲಿ ನಾವೆಲ್ಲ ಅಂಕಲ್‌ಗೆ ತುಂಬ ಹೆಲ್ಪ್ ಮಾಡಿದೆವು, ಪುಣ್ಯಾತ್ಮರು ಖುಷಿಯಾಗಿ ಹೋದರು. ನನಗೆ ತಡೆಯಲಾಗಲಿಲ್ಲ.

"ಖುಷಿಯಾಗಿ ಹೋಗಲಿಲ್ಲ ರೀ. ನಿಮ್ಮ ಸುಳ್ಳಿಗೆ ತಕ್ಕಂತೆ ಫೈಲ್ ತಿದ್ದೋದ್ರಲ್ಲೇ ಅವರ ಕಣ್ಣು ಹೋಯ್ತು."

ಪಂಕ್ತಿಯಿಂದ ಯಾರೋ ಹಿರಿಯರು ಎದ್ದು ಬಂದು, ಇಂಥ ದಿನ ಇದೆಲ್ಲ ಯಾಕಮ್ಮ, ಸುಮ್ಮನಿರು, ಎಂದು ನನ್ನನ್ನು ಗದರಿದರು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಆಂಟಿ ತಲೆ ಎತ್ತಿದರು.

"ಅವಳನ್ನ ಬಿಡಿ, ಹೇಳ್ಲಿ. ಅವರು ಹೋದಾಗಿಂದ ಈ ಮನೇಲಿ ಎಲ್ರೂ ನನಗೆ ಬೇಜಾರಾಗದೇ ಇರೋ ಮಾತೇ ಹೇಳ್ತಿದ್ದೀರ."