ಉಯಿಲಿಗೆ ಸಿಗದ ಸಾಕ್ಷಿ

ಸಾಕ್ಷಿ ಹಾಕಲು ಪೆನ್ನು ತೆಗೆದ ಪಾದ್ರಿಯವರ ಕೈಯನ್ನು ನಾನು ತಡೆದೆ. ಕೊಟ್ಟೂರಿನಲ್ಲಿ ಪತ್ರ ಬರಹಗಾರನಾದ ನಾನು ಭಾನುವಾರ ಚರ್ಚಿಗೆ ಹೋಗಿ, ಅದಕ್ಕೆ ಆಸ್ತಿ ದಾನ ಕೊಡಬಯಸುವವರ ಉಯಿಲನ್ನು ಪುಕ್ಕಟೆ ಬರೆದುಕೊಡುತ್ತೇನೆ. ಅಂದು ಮಾರ್ಥಮ್ಮ ತಮ್ಮ ಹುಣಸೆಮರದ ಜಾಗವನ್ನು ಚರ್ಚಿಗೆ ಬರೆಸಿದ್ದರು. ಉಯಿಲಿನಿಂದ ಏನಾದರೂ ಪಡೆಯುವ ಕಡೆಯವರು ಅದಕ್ಕೆ ಸಾಕ್ಷಿ ಹಾಕಬಾರದು.

ಮಾರ್ಥಮ್ಮ ಸಾಕ್ಷಿಗೆ ಖಾಜಾನನ್ನು ಕರೆಸಿದರು. ಎಷ್ಟೋ ವರ್ಷಗಳಿಂದ ಅದೇ ಮರದ ಕೆಳಗೆ ಬೈಕ್ ರಿಪೇರಿ ಮಾಡುವವನು. ನಾನು ಓದಿ ಹೇಳಿದ್ದನ್ನು ಪೂರ್ತಿ ಕೇಳಿದ. ಮುಂದೆ ತನ್ನ ಗ್ಯಾರೇಜಿನ ಗತಿ ಏನೆಂದು ಒಂದು ಮಾತೂ ಆಡದೆ, ಗ್ರೀಸಿನ ಕೈ ಒರೆಸಿಕೊಂಡು, "ಎಲ್ಲಿ ಸಹಿ ಹಾಕ್ಲಿರಿ?" ಎಂದ.

ಮಾರ್ಥಮ್ಮ ಅವನ ಮುಖವನ್ನೇ ನೋಡಿದರು. "ತಡೀರಿ ಸರ್. ಮರ ಇರೋತನಕ ಖಾಜಾ ಅದರ ಕೆಳಗ ಕೆಲ್ಸ ಮಾಡ್ಲಿ, ಯಾರೂ ಎಬ್ಬಿಸಬಾರ್ದು ಅಂತ ಇನ್ನೊಂದು ಸಾಲು ಬರೀರಿ."

ಪಾದ್ರಿಯವರು ಒಪ್ಪಿ ತಲೆಯಾಡಿಸಿದರು. ಬರೆದೆ. ಬರೆದ ಮೇಲೆ ಖಾಜಾನ ಕೈಯಿಂದಲೂ ಪೆನ್ನು ಇಸಿದುಕೊಳ್ಳಬೇಕಾಯಿತು. ಈಗ ಅವನೂ ಪಡೆಯುವವನೇ.

ಸಾಕ್ಷಿ ಸಿಗದೆ ಪತ್ರ ನಿಂತರೆ ಸಿಡುಕುವವನು ನಾನು. ಅಂದು ಮಾತ್ರ ನಾನೇ ಎದ್ದು ಹೋಗಿ, ಎದುರಿನ ಹೋಟೆಲಿನ ಗಂಡ ಹೆಂಡತಿಯನ್ನು ನಗುನಗುತ್ತ ಕರೆತಂದೆ.